ಎನ್‌ಎಫ್‌ಎಲ್‌ಗೆ ‘ಡ್ರಾಫ್ಟ್’ ಆದವರು: ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಿಂದ 2022ರಲ್ಲಿ ಒಂದೇ ಸಲಕ್ಕೆ 15 ಮಂದಿ ಆ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ‘ಡ್ರಾಫ್ಟ್’ ಆದರು, ಅಂದರೆ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ ಇವರ ಹೆಸರು ಬಂತು. ಇಷ್ಟು ಸಣ್ಣ ಸಂಗತಿಯನ್ನು ಕನ್ನಡದಲ್ಲಿ ಬರೆಯಹೊರಟರೆ ಕೈಗೆ ಸಿಗುವ ಪದಗಳು ಕರಡು, ಹರಾಜು, ಆಯ್ಕೆ. ಮೂರೂ ಒಂದೊಂದು ಕಡೆ ಎಡವುತ್ತವೆ.

‘ಕರಡು’ ಯಂತ್ರಾನುವಾದದ್ದು, ಅದನ್ನು ಬಿಟ್ಟುಬಿಡೋಣ. ಹೆಚ್ಚು ದಾರಿ ತಪ್ಪಿಸುವುದು ‘ಹರಾಜು’. ಐಪಿಎಲ್‌ನಿಂದಾಗಿ ಅದು ನಮ್ಮ ನಾಲಿಗೆಗೆ ತಾನಾಗಿ ಬರುತ್ತದೆ. ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗುವುದೇ ಇಲ್ಲ. 32 ತಂಡಗಳು ಸಾಲಿನಲ್ಲಿರುತ್ತವೆ; ಹಿಂದಿನ ಋತುವಿನಲ್ಲಿ ತೀರ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯದು. ಹೀಗೆ ಸಾಲು ಒಮ್ಮೆ ಮುಗಿದರೆ ಒಂದು ಸುತ್ತು. ಹೊಸಬನ ಸಂಬಳವೂ ಅವನು ಎಷ್ಟನೆಯವನಾಗಿ ಹೋದ ಎಂಬುದರ ಮೇಲೆ ಬಹುಮಟ್ಟಿಗೆ ಮೊದಲೇ ಗೊತ್ತಾಗಿರುತ್ತದೆ.

‘ಆಯ್ಕೆ’ ತಪ್ಪಲ್ಲ, ಆದರೆ ಸಾಲದು. ‘ತಂಡಕ್ಕೆ ಆಯ್ಕೆಯಾದ’ ಎಂದರೆ ಜಾಗ ಸಿಕ್ಕಿತು ಎಂದೇ ನಮಗೆ ಕೇಳಿಸುತ್ತದೆ. ಡ್ರಾಫ್ಟ್ ಕೊಡುವುದು ಜಾಗವನ್ನಲ್ಲ, ಆ ಆಟಗಾರನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕನ್ನು, ಅದೂ ತಂಡಕ್ಕೆ. 1936ರ ಮೊತ್ತಮೊದಲ ಡ್ರಾಫ್ಟ್‌ನಲ್ಲಿ ಮೊದಲು ಕರೆದ ಹೆಸರು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್. ಅವರು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಹಾಗಾಗಿ ಡ್ರಾಫ್ಟ್‌ಗೆ ‘ಸರದಿ ಆಯ್ಕೆ’, ಅದರಲ್ಲಿ ತಂಡಕ್ಕೆ ಸಿಗುವ ಒಂದೊಂದು ಅವಕಾಶಕ್ಕೆ, ಅಂದರೆ ‘ಪಿಕ್‌’ಗೆ, ಬರೀ ‘ಸರದಿ’ ಎಂದರೆ ಹೇಗೆ? ಸರದಿ ಬಿಟ್ಟುಕೊಡುವುದು, ಇನ್ನೊಬ್ಬರ ಸರದಿ ತೆಗೆದುಕೊಳ್ಳುವುದು ಕನ್ನಡದಲ್ಲಿ ಇದ್ದೇ ಇದೆ, ಇಲ್ಲಿ ಅದೇ ಬೇಕು. 2022ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ತನ್ನ ಆಟಗಾರ ಡವಾಂಟೆ ಆಡಮ್ಸ್‌ರನ್ನು ರೇಡರ್ಸ್ ತಂಡಕ್ಕೆ ಕೊಟ್ಟು ಆ ತಂಡದ 22ನೇ ಸರದಿಯನ್ನು ಪಡೆಯಿತು. ಅದರಲ್ಲೇ ಜಾರ್ಜಿಯಾದ ಕ್ವೇ ವಾಕರ್‌ರನ್ನು ಆರಿಸಿಕೊಂಡಿತು.

ಅಂಕಿ ಬರೆಯುವಾಗಲೂ ಎಚ್ಚರ ಬೇಕು. ಜಾರ್ಜಿಯಾದವರೇ ಆದ ಜಾರ್ಜ್ ಪಿಕನ್ಸ್ ಎರಡನೇ ಸುತ್ತಿನ 20ನೆಯವರು, ಮೊದಲಿನಿಂದ ಎಣಿಸಿದರೆ 52ನೆಯವರು. ‘ಒಟ್ಟಾರೆ 52ನೇ ಆಯ್ಕೆ’ ಎಂದು ಬರೆದರೆ ಅಂದಾಜು ಹೇಳಿದಂತಾಗುತ್ತದೆ. ‘ಮೊದಲಿನಿಂದ 52ನೆಯವರು’ ಎನ್ನುವುದೇ ಸ್ಪಷ್ಟ. ಇಸವಿಯದ್ದು ಇನ್ನೊಂದು ತೊಡಕು. 2022ರ ಏಪ್ರಿಲ್‌ನಲ್ಲಿ ಹೋದವರು 2021ರ ಋತುವಿನಲ್ಲಿ ಆಡಿದವರು, ಆ ಋತುವಿನ ಫೈನಲ್ ನಡೆದದ್ದು 2022ರ ಜನವರಿಯಲ್ಲಿ. ‘2022ರ ತಂಡದ 15 ಮಂದಿ’ ಎಂದು ಬರೆದರೆ ತಪ್ಪು.

ಈ 15 ‘ದಾಖಲೆ’ ಎಂದಷ್ಟೇ ಬರೆದು ಬಿಡಲೂಬಾರದು. 1984ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಿಂದ 17 ಮಂದಿ ಹೋಗಿದ್ದರು, ಆಗ ಸುತ್ತುಗಳು 12. ಏಳು ಸುತ್ತಿನ ಪದ್ಧತಿ ಬಂದದ್ದು 1994ರಲ್ಲಿ. 15 ಎಂಬುದು ಈ ಪದ್ಧತಿಯಲ್ಲಿ ಮಾಡಿದ ದಾಖಲೆ.

ಇನ್ನು ‘ಜಾರ್ಜಿಯಾದ ಆಟಗಾರ’ ಯಾರು? ಪಟ್ಟಿಗಳು ಕೊನೆಯದಾಗಿ ಆಡಿದ ವಿಶ್ವವಿದ್ಯಾಲಯವನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಡೆರಿಯನ್ ಕೆಂಡ್ರಿಕ್ ಕ್ಲೆಮ್ಸನ್ ವಿಶ್ವವಿದ್ಯಾಲಯದಿಂದ ಬಂದವರು, ಆದರೂ ಆ 15ರಲ್ಲಿ ಒಬ್ಬರು. ಇಂಥ ಕಡೆ ‘ಜಾರ್ಜಿಯಾದಲ್ಲಿ ಬೆಳೆದ’ ಎನ್ನದೆ ‘ಜಾರ್ಜಿಯಾದಿಂದ ಹೋದ’ ಎನ್ನುವುದು ಸರಿ.

ನನಗೆ ಬಗೆಹರಿಯದೆ ಉಳಿದಿರುವುದು ಏಳೂ ಸುತ್ತು ಮುಗಿದರೂ ಹೆಸರು ಬಾರದವರ ವಿಷಯ. ‘ಆಯ್ಕೆಯಾಗದವರು’ ಎಂದರೆ ತಿರಸ್ಕಾರವಾದಂತೆ ಕೇಳುತ್ತದೆ. ವಾಸ್ತವದಲ್ಲಿ ಅವರು ತಮ್ಮನ್ನು ಕರೆದ ಯಾವ ತಂಡದೊಡನೆ ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ನಾರ್ದರ್ನ್ ಅಯೋವ ವಿಶ್ವವಿದ್ಯಾಲಯದ ಕರ್ಟ್ ವಾರ್ನರ್ ಅಂಥವರು. 2017ರಲ್ಲಿ ಈ ಆಟದ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ‘ಸರದಿಯ ಹೊರಗಿನವರು’ ಎನ್ನಬಹುದೇ? ಇದಕ್ಕಿಂತ ಹಗುರವಾದ, ಸುದ್ದಿಯ ತಲೆಬರಹದಲ್ಲಿ ಹಿಡಿಸುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ.