ಫಾಗಿಂಗ್ ಯಾಕೆ ಮಾಡಲ್ಲ, ನಲ್ಲಿ ನೀರು ಯಾಕೆ ನಾರುತ್ತೆ? ಆರೋಗ್ಯ ನಿರೀಕ್ಷಕರ ಜೊತೆ ಪ್ರಶ್ನೋತ್ತರ

ಈ ವಾರ ನಮ್ಮ ಮೈಸೂರು–ಮಂಡ್ಯ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ನಿವೃತ್ತ ಹಿರಿಯ ಆರೋಗ್ಯ ನಿರೀಕ್ಷಕರು. ನಗರದಲ್ಲೂ ಹಳ್ಳಿಗಳಲ್ಲೂ ಕೆಲಸ ಮಾಡಿದವರು.

ಪ್ರಶ್ನೆ (ಕುವೆಂಪುನಗರ): ಸಾರ್, ನಮ್ಮ ರಸ್ತೆಯಲ್ಲಿ ಇಬ್ಬರಿಗೆ ಡೆಂಗಿ ಆಗಿದೆ. ಫಾಗಿಂಗ್ ಮಾಡಿಸಿ ಅಂತ ಕೇಳಿದರೆ ಆಶಾ ಕಾರ್ಯಕರ್ತೆಯರು ಬಂದು ಟಾರ್ಚ್ ಹಾಕಿ ಸಂಪು ನೋಡಿ ಹೋದರು. ಸಂಪು ನೋಡಿದರೆ ಸೊಳ್ಳೆ ಸಾಯುತ್ತಾ?

ಉತ್ತರ: ಮೇಡಂ, ಅವರು ಮಾಡಿದ್ದೇ ಸರಿಯಾದ ಕೆಲಸ. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ಡೆಂಗಿ ಸೊಳ್ಳೆ ಮನೆಯೊಳಗೆ ಮಂಚದ ಕೆಳಗೆ, ಕರ್ಟನ್ ಹಿಂದೆ ಕೂತಿರುತ್ತದೆ. ಫಾಗಿಂಗ್ ಗಾಡಿ ಸದ್ದು ಕೇಳಿದ ತಕ್ಷಣ ನಾವು ಬಾಗಿಲು ಕಿಟಕಿ ಮುಚ್ಚಿಕೊಳ್ಳುತ್ತೇವೆ ಅಲ್ವಾ? ಹೊಗೆ ಬೀದಿಯಲ್ಲೇ ಉಳಿಯುತ್ತದೆ. ರೋಗಿಯ ಮನೆ ಮತ್ತು ಅಕ್ಕಪಕ್ಕ ಬೇಗ ಮಾಡಿದರೆ ಅಷ್ಟಿಷ್ಟು ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ನೀರಲ್ಲಿರುವ ಮರಿಗಳಿಗೆ ಅದರಿಂದ ಏನೂ ಆಗುವುದಿಲ್ಲ. ಒಂದು ವಾರ, ಹತ್ತು ದಿನದೊಳಗೆ ಹೊಸ ಸೊಳ್ಳೆ ರೆಡಿ.

ಟಾರ್ಚ್ ಯಾಕೆ ಅಂದರೆ, ಮರಿಗಳು ಉಸಿರಾಡಲು ನೀರಿನ ಮೇಲ್ಮೈಗೆ ಬಂದು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬೆಳಕು ಬಿದ್ದ ಕೂಡಲೇ ಕೊಂಕುತ್ತಾ ಕೆಳಗಿಳಿಯುತ್ತವೆ. ಒಂದು ನಿಮಿಷ ಸುಮ್ನೆ ನಿಂತರೆ ಮತ್ತೆ ಮೇಲೆ ಬರುತ್ತವೆ. ನೀವೇ ನೋಡಿ. ಸಂಪಿನ ಜೊತೆ ಫ್ರಿಜ್ ಹಿಂದಿನ ಟ್ರೇ, ಮನಿ ಪ್ಲಾಂಟ್ ಬಾಟಲಿ, ತಾರಸಿಯ ಮೇಲಿನ ಹಳೇ ಟೈರ್ ಕೂಡ ನೋಡಿ. ಮದ್ದೂರಿನ ಕಡೆಯವರು ಎಳನೀರು ಬುರುಡೆ ರಾಶಿ ಮರೆಯಬೇಡಿ, ಒಂದು ಮಳೆ ಸಾಕು. ಡ್ರಮ್ಮಿನ ನೀರು ಚೆಲ್ಲಿದರೆ ಮುಗಿಯಲಿಲ್ಲ, ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ಬಿದ್ದಾಗ ಮರಿ ಆಗುತ್ತದೆ.

ಮರುಪ್ರಶ್ನೆ (ಅದೇ ರಸ್ತೆಯವರು): ನೀರು ನಿಂತಿದ್ದರೆ ದಂಡ ಹಾಕ್ತಾರಂತೆ, ನಿಜಾನಾ ಸಾರ್?

ಉತ್ತರ: ಅದಕ್ಕೆ ನಿಯಮ ಇದೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ಗೊತ್ತು ಮಾಡಿತು. ನಗರದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ಕಟ್ಟಡ ಕಟ್ಟುವ ಜಾಗಕ್ಕೆ ಇನ್ನೂ ಜಾಸ್ತಿ. ನನ್ನ ಕೇಳಿದರೆ ಆ ಕೊನೆಯದೇ ಮುಖ್ಯ. ಕಾಂಕ್ರೀಟ್ ಗಟ್ಟಿಯಾಗಲಿ ಅಂತ, ಕ್ಯೂರಿಂಗ್‌ಗೆ ನೀರು ಕಟ್ಟಿ ಬಿಟ್ಟಿರುತ್ತಾರೆ, ಕೇಳೋರಿಲ್ಲ.

ಪ್ರಶ್ನೆ (ಹಳೇ ಮೈಸೂರಿನ ಒಂದು ಬಡಾವಣೆ): ಬೆಳಗ್ಗೆ ನಲ್ಲಿ ಬಿಟ್ಟಾಗ ಮೊದಲು ಸ್ವಲ್ಪ ಹೊತ್ತು ಕೆಟ್ಟ ವಾಸನೆ ನೀರು, ಆಮೇಲೆ ಸರಿಹೋಗುತ್ತೆ. ಪಕ್ಕದ ಮನೆ ಮಕ್ಕಳಿಗೆ ಭೇದಿ. ಯಾರಿಗೆ ಹೇಳೋದು?

ಉತ್ತರ: ಇವತ್ತೇ ಹೇಳಿ, ನಾಳೆ ಅನ್ನಬೇಡಿ. ನೀವು ಹೇಳಿದ "ಮೊದಲು ಸ್ವಲ್ಪ ಹೊತ್ತು" ಅನ್ನೋ ಮಾತಲ್ಲೇ ಕಾರಣ ಇದೆ. ನೀರು ಬರುವಾಗ ಪೈಪಿನಲ್ಲಿ ಒತ್ತಡ ಇರುತ್ತದೆ. ತೂತಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಲ್ಲಿಸಿದ ಮೇಲೆ ಒತ್ತಡ ಇಳಿದು, ಅದೇ ತೂತಿನಿಂದ ಹೊರಗಿನ ಕೊಳಕು ಒಳಕ್ಕೆ ಸೇರುತ್ತದೆ. ಯಾರಾದರೂ ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆದರಂತೂ ಮುಗೀತು.

ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಕಸ, ಕೊಳಕು ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಅಲ್ಲಿಂದ ಶುರು ಮಾಡಿ. 1898ರ ಪ್ಲೇಗ್ ಆದಮೇಲೆ ಮನೆಗಳು ಒತ್ತೊತ್ತಾಗಿರದಂತೆ ಊರನ್ನು ಚೊಕ್ಕವಾಗಿ ಕಟ್ಟಬೇಕು ಅಂತ ಹೊರಟು, 1903ರಲ್ಲಿ ಅದಕ್ಕೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅನ್ನೋ ಮಂಡಳಿ ಮಾಡಿದ ಊರು ನಮ್ಮದು. ಆದರೆ ಈಗ ಎಷ್ಟೋ ಕಡೆ ಅಂಥ ಗಲ್ಲಿಯ ಮೋರಿಯೊಳಗೇ ನೀರಿನ ಪೈಪ್ ಮಲಗಿದೆ. ನಿಮ್ಮ ಮನೆ ಕನೆಕ್ಷನ್ ಮೋರಿ ದಾಟುವ ಜಾಗ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವಾಸನೆ ಎಷ್ಟು ಮನೆಯಲ್ಲಿ, ಭೇದಿ ಯಾರಿಗೆ, ಯಾವ ದಿನ ಶುರುವಾಯ್ತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನೀರು ಸರಬರಾಜಿನವರಿಗೂ ವಾರ್ಡಿನ ಆರೋಗ್ಯ ನಿರೀಕ್ಷಕರಿಗೂ ಎರಡೂ ಕಡೆ ಕೊಡಿ. ಒಂದು ಕಡೆ ಮಾತ್ರ ಕೊಟ್ಟರೆ "ಅದು ಅವರದ್ದು" ಅನ್ನುವ ಉತ್ತರ ಬರುತ್ತದೆ. ಆ ಹಾಳೆ ಕೈಗೆ ಬಂದರೆ ನಿರೀಕ್ಷಕರ ಅರ್ಧ ಕೆಲಸ ಆದಂತೆ, ಭೇದಿ ಆದ ಮನೆಗಳು ಯಾವ ಲೈನಿನಲ್ಲಿವೆ ಅಂತ ಗೊತ್ತಾಗುತ್ತದೆ.

ಅಲ್ಲಿವರೆಗೆ ನೀರು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ಮಕ್ಕಳಿಗೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು, ಲೋಟಕ್ಕೆ ಚೂರು ಚೂರು ಹಾಕುವುದಲ್ಲ. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಮದ್ದೂರು ಕಡೆಯ ಹಳ್ಳಿ): ಅಣ್ಣಾ, ನಮ್ಮೂರ ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಒಂದಿನ ಬ್ಲೀಚಿಂಗ್ ಪೌಡರ್ ಸುರಿತಾನೆ, ಬಾಯಿಗಿಡಕ್ಕಾಗಲ್ಲ. ಇನ್ನೊಂದಿನ ವಾಸನೆಯೇ ಇರಲ್ಲ. ಲೆಕ್ಕ ಏನು?

ಉತ್ತರ: ಲೆಕ್ಕ ಸುಲಭ ಕಣಪ್ಪ. ಒಳ್ಳೆ ಪೌಡರ್ ಆದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮೇಲೆ ಇನ್ನಷ್ಟು ನೀರು ತುಂಬಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ, ಸುಣ್ಣ ಹೊರಗೆ. ಆಮೇಲೆ ಒಂದು ಗಂಟೆ ವಾಲ್ವ್ ತೆಗೆಯಬಾರದು. ಚೀಲದ ಬಾಯಿ ಬಿಚ್ಚಿಟ್ಟರೆ ಪೌಡರಿನ ಸತ್ವ, ಅಂದರೆ ಕ್ಲೋರಿನ್, ಹೋಗುತ್ತದೆ. ಆಗ ಎಷ್ಟು ಹಾಕಿದರೂ ಬರೀ ಸುಣ್ಣ ಹಾಕಿದಂಗೆ.

ನೀರುಗಂಟಿ ಜೊತೆ ಜಗಳ ಬೇಡ. ಅವನಿಗೆ ತೂಕ ಮಾಡಲು ತಕ್ಕಡಿ ಯಾರೂ ಕೊಟ್ಟಿರುವುದಿಲ್ಲ. ಕ್ಲೋರೋಸ್ಕೋಪ್ ಕೇಳಿ. ನೀರಲ್ಲಿ ಕ್ಲೋರಿನ್ ಉಳಿದಿದೆಯಾ ಅಂತ ನೋಡುವ ಚಿಕ್ಕ ಡಬ್ಬಿ ಅದು. ಕೊಳವೆಗೆ ನಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ ಹಳದಿ ಬರಬೇಕು. ಬಣ್ಣ ಬರದಿದ್ದರೆ ಕ್ಲೋರಿನ್ ಇಲ್ಲ ಅಂತ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷೆಯನ್ನು ಟ್ಯಾಂಕಿನ ಪಕ್ಕದ ಮನೆಯಲ್ಲಿ ಮಾಡಬೇಡಿ, ಊರ ಕೊನೆ ಮನೆ ನಲ್ಲಿಯಲ್ಲಿ ಮಾಡಿ.

ಪ್ರಶ್ನೆ (ಅವರೇ): ಡಬ್ಬಿಗೆ ದುಡ್ಡಿಲ್ಲ ಅಂದ್ರೆ?

ಉತ್ತರ: ನಿಮ್ಮೂರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ಪಂಚಾಯ್ತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ ಅದರಲ್ಲಿರುತ್ತಾರೆ. ವರ್ಷಕ್ಕೆ 10,000 ರೂಪಾಯಿವರೆಗೆ ಇಂಥ ಸಣ್ಣ ಖರ್ಚಿಗೇ ಅಂತ ಬರುವ ಹಣ ಇದೆ. ಕಳೆದ ವರ್ಷ ಏನಕ್ಕೆ ಹೋಯ್ತು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಡಬ್ಬಿ ಜೊತೆಗೆ, ನೀರಿಗೆ ಮಲದ ಕೊಳಕು ಸೇರಿದೆಯಾ ಅಂತ ತೋರಿಸುವ ಎಚ್2ಎಸ್ ಬಾಟಲಿ ನಾಲ್ಕು ತರಿಸಿ. ಗೆರೆವರೆಗೆ ನೀರು ತುಂಬಿ ಮುಚ್ಚಿಡಿ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಆ ಬಾಟಲಿಯನ್ನೇ ತೆಗೆದುಕೊಂಡು ಹೋಗಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೇಜಿನ ಮೇಲಿಡಿ.