6.7 ಇಂಚಿನ ಫೋನ್ ತೆಗೆದುಕೊಳ್ಳಲೋ ಬೇಡವೋ? ವಿಮರ್ಶೆ ಓದಿ ಓದಿ ತಲೆ ಕೆಟ್ಟಿದೆ

ತೋಟದಮನೆ

ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು 52. ಶಿರಸಿ ಹತ್ತಿರ ಎರಡು ಎಕರೆ ಅಡಿಕೆ ತೋಟ. ಕೈಯಲ್ಲಿರುವುದು ರೆಡ್ಮಿ ನೋಟ್ 4, 5.5 ಇಂಚು, 2017ರಲ್ಲಿ ತೆಗೆದುಕೊಂಡದ್ದು. ಇಷ್ಟು ವರ್ಷ ಚೆನ್ನಾಗಿಯೇ ದುಡಿಯಿತು. ಹೋದ ವಾರ ಅಡಿಕೆ ಗೊನೆ ಕೊಯ್ಲಿನ ದಿನ ಬಿದ್ದ ಅಡಿಕೆ ಹೆಕ್ಕಲು ಬಗ್ಗಿದೆ, ಅಂಗಿ ಜೇಬಿನಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಗಾಜು ಜೇಡರ ಬಲೆ ಆಗಿದೆ. ಬ್ಯಾಂಕಿನ ಆ್ಯಪ್ ಅಂತೂ ಈ ಫೋನಿಗೆ ಬರುವುದಿಲ್ಲ ಎಂದು ಮೊದಲೇ ಕೈ ಎತ್ತಿತ್ತು. ಹೊಸದು ಬೇಕೇ ಬೇಕು.

ಚಾಳೀಸು ಬಂದು ಎಂಟು ವರ್ಷ ಆಯಿತು. ಬೆಳಿಗ್ಗೆ ಅಡಿಕೆಯ ರಾಶಿ, ಚಾಲಿ ದರ ನೋಡುತ್ತೇನೆ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಬರುವ ಪೇಪರಿನ ಪಿಡಿಎಫ್. ಆಗಾಗ ಪಹಣಿ. ರಾತ್ರಿ ಮನೆಯವಳ ಜೊತೆ ಯಕ್ಷಗಾನ. ಬೆಂಗಳೂರಿನಲ್ಲಿರುವ ಮಗಳು "ಅಪ್ಪಾ, ದೊಡ್ಡ ಸ್ಕ್ರೀನಿಂದು ತಗೋ, ಕನ್ನಡಕದ ರಗಳೆಯೇ ಇರಲ್ಲ" ಎನ್ನುತ್ತಾಳೆ. 20 ಸಾವಿರದೊಳಗೆ 6.7 ಇಂಚಿನದೊಂದನ್ನು ನೋಡಿಟ್ಟಿದ್ದಾಳೆ. ಕಂಪನಿ ಹೆಸರು ಬರೆಯುವುದಿಲ್ಲ, ಬರೆದರೆ ಇಲ್ಲಿ ಅಭಿಮಾನಿಗಳ ಜಗಳ ಶುರುವಾಗುತ್ತದೆ.

ತೊಂದರೆ ವಿಮರ್ಶೆಗಳದ್ದು. ಒಬ್ಬ ಮನೆಗೇ ಟಾಕೀಸ್ ಬಂದ ಹಾಗಾಯಿತು ಎನ್ನುತ್ತಾನೆ, ಇನ್ನೊಬ್ಬ ಇಟ್ಟಿಗೆ ಹೊತ್ತ ಹಾಗೆ ಎನ್ನುತ್ತಾನೆ. ಒಬ್ಬರಿಗೆ ಓದಲು ಹಾಯಾಗಿದೆಯಂತೆ, ಮತ್ತೊಬ್ಬರಿಗೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲವಂತೆ. ಇವರೆಲ್ಲ ಬರೆದದ್ದು ಒಂದೇ ಫೋನಿನ ಬಗ್ಗೆಯಾ? ಬಳಸಿದವರು ಹೇಳಿ.

ಸ್ಕ್ರೂಡ್ರೈವರ್

ಅಣ್ಣ, ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನನ್ನದು. ನನ್ನ ಟೇಬಲ್ಲಿಗೆ ಕೆಟ್ಟ ಫೋನ್ ಮಾತ್ರ ಬರುತ್ತದೆ, ಅದಕ್ಕೆ ನನ್ನ ಮಾತನ್ನು ಅರ್ಧ ನಂಬಿ ಸಾಕು.

ಸ್ಕ್ರೀನ್ ದೊಡ್ಡದಾದಷ್ಟೂ ಕೈ ಜಾರುವುದು ಜಾಸ್ತಿ. ಒಡೆದರೆ ಬರೀ ಗಾಜು ಹಾಕಿಸಿಕೊಂಡು ಹೋಗಬಹುದು ಎಂದು ಜನ ಬರುತ್ತಾರೆ. ಈಗಿನವುಗಳಲ್ಲಿ ಗಾಜು, ಟಚ್, ಡಿಸ್‌ಪ್ಲೇ ಅಂಟಿಸಿ ಒಂದೇ ಪೀಸು, ನಾವು ಕಾಂಬೋ ಎನ್ನುತ್ತೇವೆ. ಅಮೋಲೆಡ್ ಎಂಬ ಜಾತಿಯ ಡಿಸ್‌ಪ್ಲೇ ಆದರೆ ಒರಿಜಿನಲ್ ಕಾಂಬೋ ರೇಟು ಕೇಳಿ ಎಷ್ಟೋ ಜನ ಒಡೆದ ಫೋನನ್ನೇ ಜೇಬಿಗೆ ಹಾಕಿಕೊಂಡು ವಾಪಸ್ ಹೋಗುತ್ತಾರೆ. ಫೋನ್ ತೆಗೆದುಕೊಳ್ಳುವ ಮೊದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕಾಂಬೋ ರೇಟು ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಅಂಚು ಬಾಗಿದ ಸ್ಕ್ರೀನ್ ಬೇಡ, ಅದಕ್ಕೆ ಟೆಂಪರ್ ಗ್ಲಾಸ್ ಸರಿಯಾಗಿ ಕೂರುವುದಿಲ್ಲ. ಸಪಾಟಾಗಿರುವುದನ್ನೇ ಆರಿಸಿ.

ನಿಮ್ಮದು ಮಳೆ ಸೀಮೆ. ಡಬ್ಬಿ ಮೇಲೆ ಐಪಿ 54 ಎಂದಿದ್ದರೆ ಅದು ಸಿಡಿದ ನೀರಿಗೆ ಮಾತ್ರ. ತೋಟದ ಕಾಲುವೆಗೆ ಬಿದ್ದರೆ ಅದು ಕಾಯುವುದಿಲ್ಲ. ನೀರು ಒಳಗೆ ಹೋದದ್ದು ಕಂಡರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಇನ್ನೊಂದು. ವರ್ಷ, ಒಂದೂವರೆ ವರ್ಷ ಆದ ಮೇಲೆ ಕೆಲವು ಅಮೋಲೆಡ್‌ಗಳಲ್ಲಿ ಉದ್ದಕ್ಕೆ ಹಸಿರು ಗೆರೆ ಬರುತ್ತದೆ. ಬಿದ್ದಿಲ್ಲ, ಒಡೆದಿಲ್ಲ, ಸುಮ್ನೆ ಗೆರೆ. ಫೋನ್ ಬಂದ ವಾರದಲ್ಲೇ ಐದು ಸ್ಟಾರ್ ಕೊಟ್ಟವರಿಗೆ ಅದು ಕಾಣುವುದು ಹೇಗೆ? ವಿಮರ್ಶೆ ಓದುವುದಾದರೆ ತಾರೀಖು ನೋಡಿ, ವರ್ಷ ಬಳಸಿದವರದ್ದನ್ನು ಹುಡುಕಿ ಓದಿ.

ಗಣಿತದ ಟೀಚರ್

ಸರ್, ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯ ಹೇಳಿಕೊಡುವವಳು ನಾನು. ನಾನೇ ಇದರಲ್ಲಿ ಮೋಸ ಹೋದೆ ಎಂದು ಹೇಳಲು ಸ್ವಲ್ಪ ನಾಚಿಕೆ.

ಹೋದ ವರ್ಷ 5.5ರಿಂದ 6.7ಕ್ಕೆ ಬಂದೆ. ಉತ್ತರಪತ್ರಿಕೆಯ ಪಿಡಿಎಫ್ ತೆರೆದರೆ ಅಕ್ಷರ ಇದ್ದಷ್ಟೇ ಇದೆ! ಮಗನ ಜ್ಯಾಮಿತಿ ಪೆಟ್ಟಿಗೆಯಿಂದ ಸ್ಕೇಲ್ ತೆಗೆದು ಅಳೆದೆ. ಇಂಚು ಎಂದು ಅವರು ಹೇಳುವುದು ಮೂಲೆಯಿಂದ ಮೂಲೆಗೆ, ಅಂದರೆ ಕರ್ಣ. ಹಳೆಯ ಫೋನುಗಳ ಸ್ಕ್ರೀನಿನ ಉದ್ದ-ಅಗಲದ ಅನುಪಾತ 16:9. ಈಗ ಬರುವುದರಲ್ಲಿ ಹೆಚ್ಚಿನವು 20:9ರ ಆಸುಪಾಸು. ಲೆಕ್ಕ ಹಾಕಿದರೆ ನಿಮ್ಮ 5.5ರ ಅಗಲ ಸುಮಾರು 68.5 ಮಿ.ಮೀ. 6.7ರ ಅಗಲ ಸುಮಾರು 70 ಮಿ.ಮೀ. ಎರಡು ಮಿಲಿಮೀಟರ್ ಕೂಡ ಜಾಸ್ತಿ ಇಲ್ಲ. ಬೆಳೆದದ್ದೆಲ್ಲ ಉದ್ದಕ್ಕೆ, 122ರಿಂದ 155 ಮಿ.ಮೀ.ಗೆ. ಪಡವಲಕಾಯಿ ಬೆಳೆದ ಹಾಗೆ.

ನೆಟ್ಟಗೆ ಹಿಡಿದು ಪಿಡಿಎಫ್ ಓದುವಾಗ ಪುಟ ಸ್ಕ್ರೀನಿನ ಅಗಲಕ್ಕೆ ಕೂರುತ್ತದೆ, ಹಾಗಾಗಿ ಅಕ್ಷರ ದೊಡ್ಡದಾಗುವುದಿಲ್ಲ. ಅಡ್ಡ ಹಿಡಿದರೆ ಮಾತ್ರ ಲಾಭ. ನಿಮ್ಮ ವಿಮರ್ಶಕರಲ್ಲಿ ಯಾರೂ ಸುಳ್ಳು ಹೇಳಿಲ್ಲ ಅನಿಸುತ್ತದೆ. ಟಾಕೀಸ್ ಎಂದವನು ಅಡ್ಡ ಹಿಡಿದು ನೋಡಿದ್ದಾನೆ, ವ್ಯತ್ಯಾಸ ಇಲ್ಲ ಎಂದವರು ನೆಟ್ಟಗೆ ಹಿಡಿದು ಓದಿದ್ದಾರೆ.

ಇಟ್ಟಿಗೆಯ ಮಾತೂ ನಿಜವೇ. ನನ್ನದು ಕವರ್ ಸೇರಿ 225 ಗ್ರಾಂ. ಕಿರುಬೆರಳ ಮೇಲೆ ಭಾರ ಬಿಟ್ಟು ಹಿಡಿಯುವ ಅಭ್ಯಾಸ ಇತ್ತು, ಎರಡೇ ತಿಂಗಳಲ್ಲಿ ಬೆರಳು ನೋಯತೊಡಗಿತು. ನನ್ನ ಹೆಬ್ಬೆರಳು ಮೇಲಿನ ಮೂಲೆಗೆ ಇವತ್ತಿಗೂ ಮುಟ್ಟುವುದಿಲ್ಲ. ಗಂಡಸರ ಕೈಗೆ ಅಷ್ಟು ಕಷ್ಟ ಆಗಲಾರದು.

ಕುಡ್ಲದ ಮಳೆ

ಮಾರಾಯ್ರೆ, ಓದಲಿಕ್ಕೆ ಎಂದಾದರೆ ಟ್ಯಾಬ್ ತೆಗೆದುಕೊಳ್ಳಿ. 8.7 ಇಂಚಿನದು ನಿಮ್ಮ ಬಜೆಟ್ಟಿಗೆ ಬರುತ್ತದೆ. ನೆಟ್ಟಗೆ ಹಿಡಿದರೂ ಅಗಲ 11 ಸೆಂ.ಮೀ. ದಾಟುತ್ತದೆ. ಜೇಬಿಗೆ ಒಂದು ಸಣ್ಣ ಫೋನ್ ಸಾಕು.

ತೋಟದಮನೆ

ಟ್ಯಾಬ್ ವಿಚಾರ ಒಳ್ಳೆಯದೇ. ಆದರೆ ಎರಡೆರಡು ಚಾರ್ಜ್ ಮಾಡಿ ಇಡುವ ಶಿಸ್ತು ನಮ್ಮ ಮನೆಯಲ್ಲಿಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ.

ಟೀಚರ್ ಮೇಡಂ, ನಿಮ್ಮ ಪಡವಲಕಾಯಿ ಓದಿ ಮನೆಯವಳು ಜೋರಾಗಿ ನಕ್ಕಳು. ಸ್ಕ್ರೂಡ್ರೈವರ್ ಅವರೇ, ತಾರೀಖು ನೋಡಿ ಎಂದಿರಲ್ಲ, ನಿನ್ನೆ ರಾತ್ರಿ ಕೂತು ಒಂದು, ಎರಡು ಸ್ಟಾರಿನವನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆ. ಸೊಸೈಟಿ ಲೆಕ್ಕ ಬರೆದು ಅಭ್ಯಾಸ. ಅರ್ಧಕ್ಕರ್ಧ ಬೈಗುಳ ಕೊರಿಯರ್‌ನವರಿಗೆ. ಡಬ್ಬಿ ಜಜ್ಜಿತ್ತು, ಚಾರ್ಜರ್ ಇರಲಿಲ್ಲ, ಎಕ್ಸ್‌ಚೇಂಜಿಗೆ ಬಂದ ಹುಡುಗ ಹಳೆ ಫೋನಿಗೆ ಹೇಳಿದಷ್ಟು ಕೊಡಲಿಲ್ಲ, ಹೀಗೆ. ಸ್ಕ್ರೀನಿನ ಬಗ್ಗೆ ಮಾತಾಡಿದವರು ಬೆರಳೆಣಿಕೆ. ಅದರಲ್ಲೂ ಆರು ತಿಂಗಳು ಬಳಸಿ ಬರೆದವರು ಇಬ್ಬರು. ಇಬ್ಬರೂ ಹೇಳಿದ್ದು ಒಂದೇ: ಒದ್ದೆ ಬೆರಳಿಗೆ ಸರಿಯಾಗಿ ಓಡುವುದಿಲ್ಲ. ಅದು ಈ ಹಳೆಯದರಲ್ಲೂ ಇದೆ ಬಿಡಿ.

ಬಸವನಗುಡಿ

ವಿಮರ್ಶೆ ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಎಂದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2022ರಲ್ಲೇ ಐಎಸ್ 19000 ಎಂಬ ಮಾನದಂಡ ತಂದಿತು. ತಂದಾಗ ಪಾಲಿಸುವುದು ಬಿಡುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟಿತ್ತು. ಹಾಗಾಗಿ ನಿಮ್ಮ ನೋಟ್‌ಬುಕ್ಕೇ ವಾಸಿ.

2011ರಲ್ಲಿ ಗ್ಯಾಲಕ್ಸಿ ನೋಟ್ ಬಂದಾಗ 5.3 ಇಂಚಿಗೇ ಜನ ನಕ್ಕಿದ್ದರು, ಹಲಗೆ ಹಿಡಿದು ಮಾತಾಡ್ತಾನೆ ಅಂತ. ಈಗ ಅಂಗಡಿಗೆ ಹೋಗಿ 5.3 ಕೇಳಿ, ನಿಮ್ಮನ್ನು ನೋಡಿ ನಗುತ್ತಾರೆ. ಚಿಕ್ಕದು ಬೇಕೆಂದರೂ ಈ ಬೆಲೆಗೆ ಸಿಗುವುದಿಲ್ಲ. ಅಂದಮೇಲೆ ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆ ಉಳಿದಿದೆಯಾ? 6.5 ಬೇಕೋ 6.8 ಬೇಕೋ, ಅಷ್ಟೇ ಅಲ್ವಾ?

ಹೆಸರಿಲ್ಲದವಳು

ಒಂದೇ ಪ್ರಶ್ನೆ ಅಣ್ಣ. ಚಾಳೀಸಿನ ನಂಬರ್ ಕೊನೆಯ ಸಲ ನೋಡಿಸಿದ್ದು ಯಾವಾಗ?

ತೋಟದಮನೆ (ನಾಲ್ಕು ದಿನ ಬಿಟ್ಟು)

ಹೆಸರಿಲ್ಲದ ತಂಗಿ, ನಿಮ್ಮ ಪ್ರಶ್ನೆ ಓದಿ ಕೂತಲ್ಲೇ ಎಣಿಸಿದೆ. ಆರು ವರ್ಷ ಆಗಿತ್ತು!

ಮೊನ್ನೆ ಶಿರಸಿ ಪೇಟೆಗೆ ಹೋದೆ. ಮೊದಲು ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ. 1.25 ಇದ್ದದ್ದು 2 ಆಗಿದೆ. ಹೊಸ ಕನ್ನಡಕ ಸಂಜೆಗೆ ಸಿಗುತ್ತದೆ ಎಂದರು. ಅಷ್ಟರಲ್ಲಿ ಮೊಬೈಲ್ ಅಂಗಡಿಗೆ ಹೋದೆ. ಮೇಜಿನ ಮೇಲೆ ಜೋಡಿಸಿಟ್ಟದ್ದರಲ್ಲಿ ಕೆಲವು ಬರೀ ಡಮ್ಮಿ, ಪ್ಲಾಸ್ಟಿಕ್ ತುಂಡು. ಆನ್ ಆಗುವುದನ್ನೇ ಕೊಡು ಎಂದು ಹಟ ಹಿಡಿದೆ. ಹುಡುಗ ಒಳ್ಳೆಯವನು, 6.7ರದ್ದು ಒಂದನ್ನು ತಂದುಕೊಟ್ಟ. ನಮ್ಮ ಪಹಣಿ ಅದರಲ್ಲಿ ತೆರೆದೆ, ಹಳೆಯದರಲ್ಲೂ ತೆರೆದೆ, ಎರಡನ್ನೂ ಅಕ್ಕಪಕ್ಕ ಇಟ್ಟೆ.

ನೆಟ್ಟಗೆ ಹಿಡಿದರೆ ಮೇಡಂ ಹೇಳಿದ್ದು ಅಕ್ಷರಶಃ ನಿಜ, ಎರಡೂ ಒಂದೇ. ಅಡ್ಡ ಮಾಡಿದ ಕೂಡಲೇ ಹೊಸದರಲ್ಲಿ ಕಾಲಂಗಳು ಬಿಡಿಸಿಕೊಂಡವು. ಹಳೆ ಕನ್ನಡಕದಲ್ಲಿ 11ನೇ ಕಾಲಂನ ಸೊಸೈಟಿ ಸಾಲದ ಅಂಕಿ ಆಗಲೂ ಮಸುಕೇ. ಸಂಜೆ ಹೊಸ ಕನ್ನಡಕ ಹಾಕಿಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ಹುಡುಗ ಈ ಗಿರಾಕಿ ತೆಗೆದುಕೊಳ್ಳುವವನಲ್ಲ ಎಂದುಕೊಂಡಿರಬೇಕು. ಈ ಸಲ ಅಂಕಿ ಸ್ಪಷ್ಟ. ತಮಾಷೆ ಏನೆಂದರೆ, ಒಡೆದ ನೋಟ್ 4ರಲ್ಲೂ ಸ್ಪಷ್ಟ, ಬಿರುಕು ಇಲ್ಲದ ಜಾಗದಲ್ಲಿ.

ಮಗಳಿಗೆ ಫೋನ್ ಮಾಡಿ ನಿನ್ನ ಅರ್ಧ ಮಾತು ಸುಳ್ಳಾಯಿತು ಎಂದೆ. ಉಳಿದರ್ಧಕ್ಕೆ ಆ 6.7ರದ್ದನ್ನೇ ತೆಗೆದುಕೊಂಡೆ. ಸಪಾಟು ಸ್ಕ್ರೀನ್, ಕಾಂಬೋ ರೇಟು ಮೊದಲೇ ಕೇಳಿದ್ದೇನೆ, ಕೇಳಿ ಬೆವರಿದ್ದೂ ಆಗಿದೆ. ನಿನ್ನೆ ರಾತ್ರಿ ಅಡಿಕೆ ಚಬ್ಬೆಗೆ (ಬುಟ್ಟಿಗೆ) ಅಡ್ಡಲಾಗಿ ಒರಗಿಸಿಟ್ಟು ಇಬ್ಬರೂ ಯಕ್ಷಗಾನ ನೋಡಿದೆವು. ವೇಷದ ಬಣ್ಣ ಇಷ್ಟು ಚೆನ್ನಾಗಿ ಕಂಡದ್ದು ಇದೇ ಮೊದಲು.

ಅಂಗಿ ಜೇಬಿನಿಂದ ಮಾತ್ರ ಎರಡು ಬೆರಳು ಹೊರಗೇ ನಿಲ್ಲುತ್ತದೆ. ಬಗ್ಗಿದರೆ ಮತ್ತೆ ಅದೇ ಕಥೆ. ಮನೆಯವಳು ತೋಟದ ಎರಡು ಅಂಗಿಗೆ ಒಳಗಡೆ ಉದ್ದ ಜೇಬು ಹೊಲಿದು ಗುಂಡಿ ಹಾಕಿಕೊಡುತ್ತೇನೆ ಎಂದಿದ್ದಾಳೆ. ಸದ್ಯಕ್ಕೆ ಕೊಯ್ಲಿನ ದಿನ ಫೋನ್ ಮನೆಯ ಕಿಟಕಿಯಲ್ಲಿ.