ಅಪ್‌ಡೇಟ್: ಅಮ್ಮಂಗೆ ತೂಕದ ಇಂಜೆಕ್ಷನ್ ಶುರು ಮಾಡಿದ್ವಿ
ಅಮ್ಮಂಗೆ ಶುಗರ್ ಜೊತೆ ತೂಕಾನೂ ಜಾಸ್ತಿ, ಮೌಂಜಾರೊ (ಶುಗರ್, ತೂಕ ಎರಡನ್ನೂ ಇಳಿಸೋ ಇಂಜೆಕ್ಷನ್) ಕೊಡಿಸ್ಬಹುದಾ ಅಂತ ಇಲ್ಲಿ ಮೊದ್ಲು ಕೇಳಿದ್ನಲ್ಲ, ಡಾಕ್ಟರ್ ಹತ್ರ ಹೋಗಿ ಬಂದ್ವಿ. ಮನೇಲಿ ಯಾರಿಗಾದ್ರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ಅಮ್ಮಂಗೆ ಪ್ಯಾಂಕ್ರಿಯಾಸ್ ತೊಂದ್ರೆ ಆಗಿತ್ತಾ ಅಂತೆಲ್ಲಾ ವಿಚಾರಿಸಿ ಇಲ್ಲ ಅಂದ್ಮೇಲೇ ಬರ್ಕೊಟ್ರು. ವಾರಕ್ಕೊಂದ್ಸಲ 2.5 ಮಿಲಿಗ್ರಾಂ, ನಾಲ್ಕು ವಾರ ಆದ್ಮೇಲೆ 5. ಮೊದ್ಲಿಂದ ತಗೋತಿದ್ದ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಕಮ್ಮಿ ಮಾಡಿದ್ರು, ಎರಡೂ ಸೇರಿದ್ರೆ ಲೋ ಶುಗರ್ ಆಗ್ಬಹುದಂತೆ, ಇದನ್ನ ದಯವಿಟ್ಟು ಯಾರೂ ಮರೀಬೇಡಿ. ಶುರುವಿನಲ್ಲಿ ಹೊಟ್ಟೆ ತೊಳಸ್ತಿತ್ತು, ಎಣ್ಣೆ ಪದಾರ್ಥ ಬಿಟ್ಮೇಲೆ ಪರವಾಗಿಲ್ಲ. ಈಗ ಹಸಿವು ಕಮ್ಮಿಯಾಗಿ ಅರ್ಧ ಮುದ್ದೆ ತಿಂದು ತಟ್ಟೆ ಸರಿಸ್ತಾಳೆ, ಆದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗುತ್ತಂತೆ ಅದಕ್ಕೇ ಮೊದ್ಲು ಮೊಟ್ಟೆ, ಹುರುಳಿಕಾಳು ತಿನ್ನು ಆಮೇಲೆ ಮುದ್ದೆ ಅಂತ ಕೂತು ತಿನ್ನಿಸ್ತೀನಿ, ಕುರ್ಚಿಯಿಂದ ಎದ್ದು ಕೂರೋ ವ್ಯಾಯಾಮಾನೂ ಮಾಡಿಸ್ತೀನಿ. ಇಂಜೆಕ್ಷನ್ ನಿಲ್ಲಿಸಿದ್ರೆ ತೂಕ ವಾಪಸ್ ಬರೋದೇ ಜಾಸ್ತಿ ಅಂತ ಡಾಕ್ಟರ್ ಅಂದಿದಾರೆ, ಹಾಗಾಗಿ ಖರ್ಚು ಲೆಕ್ಕ ಹಾಕ್ಕೊಂಡೇ ಶುರು ಮಾಡಿ.